ಸೋಲಾರ್ ಹಾಕಿಸೋ ಮೊದಲು ಕರೆಂಟ್ ಬಿಲ್ ತೆಗೆದಿಡಿ



ಅಹಮದಾಬಾದ್, ವಡೋದರಾ, ಸೂರತ್, ಈ ಮೂರೂ ಊರಿನಲ್ಲಿ ಕನ್ನಡದವರು ಎಲ್ಲಿ ಸೇರಿದರೂ ಈಚೆಗೆ ಒಂದು ಮಾತು ಬಂದೇ ಬರುತ್ತೆ. ಗಣಪತಿ ಹಬ್ಬ ಇರಲಿ, ಯಾರದೋ ಗೃಹಪ್ರವೇಶ ಇರಲಿ, ಊಟಕ್ಕೆ ಕೂತ ಕೂಡಲೇ ಒಬ್ಬರು ಕೇಳ್ತಾರೆ: "ಸೋಲಾರ್ ಹಾಕಿಸಿದ್ರಾ? ಹಾಕಿದ ದುಡ್ಡು ವಾಪಸ್ ಬರುತ್ತಾ?" ಪಕ್ಕದವರು, "ಅಯ್ಯೋ, ನಮ್ಮ ಸೊಸೈಟಿಯಲ್ಲಿ ಎಲ್ಲರೂ ಹಾಕಿಸಿದ್ರು, ನಾವೊಬ್ಬರೇ ಬಾಕಿ" ಅಂತಾರೆ. ಇನ್ನೊಬ್ಬರು, "ಎಲ್ಲಾ ಸಬ್ಸಿಡಿ ನಾಟಕ" ಅಂತಾರೆ. ಇಬ್ಬರ ಕೈಯಲ್ಲೂ ಲೆಕ್ಕ ಇರೋದಿಲ್ಲ.

ಇವತ್ತು ಆ ಲೆಕ್ಕವನ್ನೇ ಮಾಡೋಣ. ನಾನು ವಡೋದರಾಕ್ಕೆ ಬಂದು ಇಪ್ಪತ್ತೆರಡು ವರ್ಷ ಆಯ್ತು. ಕಾರ್ಖಾನೆಯಲ್ಲಿ ಎಲೆಕ್ಟ್ರಿಕಲ್ ಮೆಂಟೆನೆನ್ಸ್ ಕೆಲಸ. ಸೋಲಾರ್ ಮಾರೋನಲ್ಲ, ಯಾರ ಕಮಿಷನ್ನೂ ನನಗಿಲ್ಲ. ಸ್ನೇಹಿತರು ಕೊಟೇಶನ್ ತಂದು ತೋರಿಸ್ತಾರೆ, ನಾನು ಓದ್ತೀನಿ. ಎಲ್ಲರಿಗೂ ಹೇಳೋದು ಒಂದೇ: ತಾರಸಿಯ ಫೋಟೋ ಆಮೇಲೆ ತೋರಿಸಿ, ಮೊದಲು ಹೋದ ಒಂದು ವರ್ಷದ ಕರೆಂಟ್ ಬಿಲ್ ತನ್ನಿ. ಸೋಲಾರ್ ಲಾಭವೋ ನಷ್ಟವೋ ಅನ್ನೋದು ತೀರ್ಮಾನ ಆಗೋದು ಆ ಬಿಲ್‌ನಲ್ಲಿ.

ಗುಜರಾತಿನಲ್ಲೇ ಇದು ಇಷ್ಟು ಹಬ್ಬಿದ್ದು ಯಾಕೆ ಅಂತ ಸ್ವಲ್ಪ ಹೇಳ್ತೀನಿ. ಪಾಟಣ ಜಿಲ್ಲೆಯ ಚಾರಣಕಾದಲ್ಲಿ 2012ರಲ್ಲೇ ದೊಡ್ಡ ಸೋಲಾರ್ ಪಾರ್ಕ್ ಶುರುವಾಯ್ತು. ಅದೇ ಕಾಲಕ್ಕೆ ಗಾಂಧಿನಗರದಲ್ಲಿ ಮನೆಗಳ ತಾರಸಿಯನ್ನ ಕಂಪನಿಗಳಿಗೆ ಬಾಡಿಗೆಗೆ ಕೊಡೋ ಯೋಜನೆ ಬಂತು. ಪ್ಯಾನೆಲ್ ಕಂಪನಿಯದು, ಜಾಗ ಮನೆಯವರದು, ಯೂನಿಟ್‌ಗೆ 3 ರೂಪಾಯಿ ಮನೆಯವರಿಗೆ. ಅದೇ ಮಾದರಿ ಆಮೇಲೆ ನಮ್ಮ ವಡೋದರಾಕ್ಕೂ ಬಂತು. 2019ರಲ್ಲಿ ರಾಜ್ಯ ಸರ್ಕಾರದ ಸೂರ್ಯ ಗುಜರಾತ್ ಯೋಜನೆ: 3 ಕಿಲೋವ್ಯಾಟ್‌ವರೆಗೆ ಶೇ. 40 ಸಬ್ಸಿಡಿ, ಅದರ ಮೇಲೆ 10 ಕಿಲೋವ್ಯಾಟ್‌ವರೆಗೆ ಶೇ. 20. ಹೀಗಾಗಿ 2024ರ ಫೆಬ್ರವರಿಯಲ್ಲಿ ಪಿಎಂ ಸೂರ್ಯಘರ್ ಯೋಜನೆ ಬಂದಾಗ ಇಲ್ಲಿ ಗಲ್ಲಿಗೊಬ್ಬ ಸೋಲಾರ್ ಏಜೆಂಟ್, ನೆಟ್ ಮೀಟರ್ ಗೊತ್ತಿರೋ ಲೈನ್‌ಮನ್, ಎಲ್ಲಾ ಸಿದ್ಧವಾಗೇ ಇತ್ತು. ಸೂರತ್ ಸುತ್ತಮುತ್ತ ಪ್ಯಾನೆಲ್ ಮಾಡೋ ಕಾರ್ಖಾನೆಗಳೇ ಇವೆ.

ಈಗಿನ ಸಬ್ಸಿಡಿ ಸರಳ. ಮೊದಲ ಎರಡು ಕಿಲೋವ್ಯಾಟ್‌ಗೆ ತಲಾ 30,000, ಮೂರನೆಯದಕ್ಕೆ 18,000. ಒಟ್ಟು 78,000. ಅಲ್ಲಿಗೆ ಮುಗೀತು. ನೀವು 5 ಹಾಕಿಸಿ, 10 ಹಾಕಿಸಿ, 78,000ದ ಮೇಲೆ ಒಂದು ಪೈಸೆ ಇಲ್ಲ. ಇನ್ನೊಂದು ಷರತ್ತು, ಪ್ಯಾನೆಲ್ಲೂ ಅದರೊಳಗಿನ ಸೆಲ್ಲೂ ಭಾರತದಲ್ಲೇ ತಯಾರಾದದ್ದಾಗಿರಬೇಕು. ಡಿಸಿಆರ್ ಅಂತ ಕೊಟೇಶನ್‌ನಲ್ಲಿ ಬರೆದಿರ್ತಾರೆ. ಆ ಮೂರಕ್ಷರ ಇಲ್ಲದ ಕೊಟೇಶನ್ ಅಗ್ಗ ಕಾಣುತ್ತೆ, ಆದರೆ ಸಬ್ಸಿಡಿ ಬರೋದಿಲ್ಲ. 2025ರ ಸೆಪ್ಟೆಂಬರ್ 22ರಿಂದ ಸೋಲಾರ್ ಸಾಮಾನಿನ ಜಿಎಸ್‌ಟಿ ಶೇ. 12ರಿಂದ 5ಕ್ಕೆ ಇಳಿದಿದೆ. ಹಳೇ ಕೊಟೇಶನ್ ಇಟ್ಟುಕೊಂಡಿರೋರು ಹೊಸದು ಕೇಳಿ.

ಈಗ ಬಿಲ್ಲಿಗೆ ಬರೋಣ.

ಅಹಮದಾಬಾದಿನಲ್ಲಿ, ಸೂರತ್ ನಗರದ ದೊಡ್ಡ ಭಾಗದಲ್ಲಿ ಟೊರೆಂಟ್ ಪವರ್ ಬಿಲ್ ಬರುತ್ತೆ. ಸೂರತ್‌ನ ಉಳಿದ ಕಡೆ ದಕ್ಷಿಣ ಗುಜರಾತ್ ವಿಜ್ ಕಂಪನಿ, ವಡೋದರಾದಲ್ಲಿ ಮಧ್ಯ ಗುಜರಾತ್ ವಿಜ್ ಕಂಪನಿ. ದರ ಸ್ವಲ್ಪ ಆಚೀಚೆ, ಕಟ್ಟು ಒಂದೇ. ವಡೋದರಾದ ಬಿಲ್ ತಗೊಳ್ಳಿ. ತಿಂಗಳ ಮೊದಲ 50 ಯೂನಿಟ್‌ಗೆ 3 ರೂಪಾಯಿ 5 ಪೈಸೆ, 250ರ ಮೇಲಿನ ಯೂನಿಟ್‌ಗೆ 5 ರೂಪಾಯಿ 20 ಪೈಸೆ. ಇದನ್ನ ನೋಡಿ, "ಅಷ್ಟೇನಾ? ಇದಕ್ಕೆ ಲಕ್ಷ ರೂಪಾಯಿ ಯಾಕೆ ಹಾಕಬೇಕು?" ಅಂತ ಅನ್ನಿಸುತ್ತೆ. ಕೆಳಗಿನ ಸಾಲು ನೋಡಿ. ಎಫ್‌ಪಿಪಿಪಿಎ ಅಂತ ಒಂದಿದೆ. ಕಲ್ಲಿದ್ದಲು, ಗ್ಯಾಸು, ಹೊರಗಿಂದ ತಂದ ಕರೆಂಟಿನ ಖರ್ಚು ಏರಿದರೆ ಅದನ್ನ ನಮ್ಮ ತಲೆಗೆ ಹಾಕೋ ಬಾಬ್ತು. ಯೂನಿಟ್‌ಗೆ ಎರಡು ರೂಪಾಯಿಗೂ ಮೇಲೆ, ಮೂರು ತಿಂಗಳಿಗೊಮ್ಮೆ ಬದಲಾಗುತ್ತೆ. ಇವೆಲ್ಲಾ ಸೇರಿದ್ದರ ಮೇಲೆ ಶೇ. 15 ವಿದ್ಯುತ್ ಸುಂಕ. ಕೂಡಿಸಿದರೆ 5 ರೂಪಾಯಿ 20 ಪೈಸೆ ಅಂತ ಬರೆದಿರೋ ಯೂನಿಟ್ಟು ನಿಮ್ಮ ಜೇಬಿನಿಂದ ಎಂಟೂವರೆ ರೂಪಾಯಿ ತಗೊಂಡು ಹೋಗಿರುತ್ತೆ.

ಆದ್ದರಿಂದ ಕಟ್ಟಿದ ಒಟ್ಟು ದುಡ್ಡನ್ನ ಒಟ್ಟು ಯೂನಿಟ್‌ನಿಂದ ಭಾಗಿಸಿ. ಮಧ್ಯಮ ವರ್ಗದ ಮನೆಯಲ್ಲಿ ಸುಮಾರು 7 ರೂಪಾಯಿ ಬರುತ್ತೆ. ಸೋಲಾರ್ ಹಾಕಿದಾಗ ಮೊದಲು ಉಳಿಯೋದು ಮೇಲಿನ ಸ್ಲ್ಯಾಬಿನ ದುಬಾರಿ ಯೂನಿಟ್ಟು, ಹಾಗಾಗಿ 7 ಅನ್ನೋದು ಸ್ವಲ್ಪ ಕಡಿಮೆ ಅಂದಾಜೇ. ಇರಲಿ, ಲೆಕ್ಕದಲ್ಲಿ ಜಿಪುಣತನ ಒಳ್ಳೇದು.

ಊರಿನ ಕಡೆ ಕೇಳ್ತಿರೋರಿಗೆ ಇಲ್ಲೇ ಒಂದು ಮಾತು. ಈ ಲೆಕ್ಕ ಕರ್ನಾಟಕಕ್ಕೆ ಹಾಗೇ ಹೊಂದಲ್ಲ. ಅಲ್ಲಿ 2023ರಿಂದ ಗೃಹಜ್ಯೋತಿ ಇದೆ, 200 ಯೂನಿಟ್ ಒಳಗಿನ ಮನೆಗೆ ಬಿಲ್ಲೇ ಇಲ್ಲ. ಇಲ್ಲದ ಬಿಲ್ಲನ್ನ ಸೋಲಾರ್ ಏನು ಉಳಿಸುತ್ತೆ? ಅದರ ಮೇಲೆ ಹೋಗೋ ಮನೆಗಳಿಗೂ ಅಲ್ಲಿ ನಿಗದಿತ ಶುಲ್ಕ ಜಾಸ್ತಿ, ಮತ್ತೆ ಅದನ್ನ ಪ್ಯಾನೆಲ್ ಕಡಿಮೆ ಮಾಡೋದಿಲ್ಲ. ಇಲ್ಲಿ ಗುಜರಾತಿನಲ್ಲಿ ನಿಗದಿತ ಶುಲ್ಕ ತೀರ ಸಣ್ಣದು, ಯೂನಿಟ್ ದುಬಾರಿ. ಸೋಲಾರಿಗೆ ಬೇಕಾದ್ದು ಇಂಥ ಬಿಲ್ಲೇ. ಬೆಂಗಳೂರಿನ ತಮ್ಮ "ನಮಗೆ ವರ್ಕ್‌ಔಟ್ ಆಗಲಿಲ್ಲ" ಅಂದ ಅಂತ ಸೂರತ್‌ನ ಅಣ್ಣ ಕೈಬಿಡಬೇಕಾಗಿಲ್ಲ. ಅಣ್ಣನಿಗೆ ಲಾಭ ಆಯ್ತು ಅಂತ ತಮ್ಮ ಹಾಕಿಸಲೂ ಬಾರದು.

ಈಗ ಕಾಗದದ ಮೇಲೆ ಒಂದು ಮನೆ ಕಟ್ಟೋಣ. ಎರಡು ಬೆಡ್‌ರೂಮಿನ ಸ್ವಂತ ಮನೆ, ಇಲ್ಲಿಯವರು ಟೆನಮೆಂಟ್ ಅನ್ನೋ ಥರದ್ದು. ನಾಲ್ಕು ಜನ, ಎರಡು ಏಸಿ. ವಡೋದರಾದಲ್ಲಿ ನಮಗೆ ಎರಡು ತಿಂಗಳಿಗೊಂದು ಬಿಲ್. ಬಳಕೆ ಹೀಗಿದೆ ಅಂದ್ಕೊಳ್ಳಿ: ಮಾರ್ಚ್-ಏಪ್ರಿಲ್ 650 ಯೂನಿಟ್, ಮೇ-ಜೂನ್ 1,000, ಜುಲೈ-ಆಗಸ್ಟ್ 750, ಸೆಪ್ಟೆಂಬರ್-ಅಕ್ಟೋಬರ್ 650, ನವೆಂಬರ್-ಡಿಸೆಂಬರ್ 330, ಜನವರಿ-ಫೆಬ್ರವರಿ 300. ವರ್ಷಕ್ಕೆ 3,680 ಯೂನಿಟ್.

ಇಲ್ಲಿಯ ಬಿಸಿಲಿಗೆ ಒಂದು ಕಿಲೋವ್ಯಾಟ್ ಪ್ಯಾನೆಲ್ ವರ್ಷದ ಸರಾಸರಿ ನೋಡಿದರೆ ದಿನಕ್ಕೆ 4 ಯೂನಿಟ್ ಹತ್ತಿರ ಕೊಡುತ್ತೆ. 3 ಕಿಲೋವ್ಯಾಟ್ ಅಂದರೆ ವರ್ಷಕ್ಕೆ 4,250 ಅಂತ ಇಟ್ಟುಕೊಳ್ಳೋಣ. "ಬಳಕೆ 3,680, ಉತ್ಪತ್ತಿ 4,250, ಬಿಲ್ ಸೊನ್ನೆ!" ಅಂತ ಏಜೆಂಟ್ ಹೇಳ್ತಾನೆ. "ಬಿಲ್ ಝೀರೋ ಥಈ ಜಶೇ, ಸಾಹೇಬ್." ಈ ವಾಕ್ಯ ಕೇಳದ ಮನೆ ಈ ಮೂರು ಊರಿನಲ್ಲಿ ಇಲ್ಲ.

ಆದರೆ ಇಲ್ಲಿಯ ನಿಯಮದಲ್ಲಿ ಲೆಕ್ಕ ಚುಕ್ತಾ ಆಗೋದು ವರ್ಷಕ್ಕೊಮ್ಮೆ ಅಲ್ಲ, ಪ್ರತಿ ಬಿಲ್‌ಗೊಮ್ಮೆ. ಆ ಬಿಲ್ ಅವಧಿಯಲ್ಲಿ ನೀವು ಗ್ರಿಡ್‌ಗೆ ಕೊಟ್ಟದ್ದು, ಗ್ರಿಡ್‌ನಿಂದ ತಗೊಂಡದ್ದು ಎರಡನ್ನೂ ಕಳೀತಾರೆ. ನೀವು ಕೊಟ್ಟದ್ದು ಹೆಚ್ಚಾಗಿದ್ದರೆ ಆ ಹೆಚ್ಚುವರಿಯನ್ನ ಮುಂದಿನ ಬಿಲ್‌ಗೆ ಒಯ್ಯೋದಿಲ್ಲ. ಯೂನಿಟ್‌ಗೆ 2 ರೂಪಾಯಿ 25 ಪೈಸೆಯ ಹಾಗೆ ಕೊಂಡುಬಿಡ್ತಾರೆ. ಜನವರಿಯಲ್ಲಿ ಉಳಿದದ್ದನ್ನ ಮೇ ತಿಂಗಳಿಗೆ ಅಂತ ಕೂಡಿಡೋ ಹಾಗಿಲ್ಲ. ಚಳಿಗಾಲದಲ್ಲಿ ಎರಡೂಕಾಲಿಗೆ ಮಾರ್ತೀರಿ, ಬೇಸಿಗೆಯಲ್ಲಿ ಅದಕ್ಕಿಂತ ದುಬಾರಿಗೆ ಕೊಳ್ತೀರಿ.

ನಮ್ಮ ಕಾಗದದ ಮನೆಗೆ ಇದನ್ನ ಹಾಕಿ. 3 ಕಿಲೋವ್ಯಾಟ್ ಪ್ಯಾನೆಲ್ ಮೇ-ಜೂನ್‌ನಲ್ಲಿ ಸುಮಾರು 800 ಕೊಡುತ್ತೆ, ಬೇಕಾದ್ದು 1,000. ಜುಲೈ-ಆಗಸ್ಟ್ ಮೋಡದಲ್ಲಿ 520 ಕೊಡುತ್ತೆ, ಬೇಕಾದ್ದು 750. ಎರಡೂ ಸೇರಿ 430 ಯೂನಿಟ್ ಹೊರಗಿಂದ ಕೊಳ್ಳಬೇಕು. ಉಳಿದ ನಾಲ್ಕು ಬಿಲ್‌ಗಳಲ್ಲಿ ಒಟ್ಟು 1,000 ಯೂನಿಟ್ ಮಿಕ್ಕುತ್ತೆ, ಬಹುಪಾಲು ಚಳಿಗಾಲದ್ದೇ. ಅಂದರೆ 3,250 ಯೂನಿಟ್ 7 ರೂಪಾಯಿ ಹಾಗೆ ಉಳಿತಾಯ, 22,750. ಮಿಕ್ಕ 1,000ಕ್ಕೆ 2,250. ವರ್ಷಕ್ಕೆ 25,000 ರೂಪಾಯಿ. ಖರ್ಚು 1,80,000 ಅಂತ ಹಿಡಿದು ಸಬ್ಸಿಡಿ ಕಳೆದರೆ 1,02,000. ನಾಲ್ಕು ವರ್ಷ ಒಂದೆರಡು ತಿಂಗಳಲ್ಲಿ ಹಾಕಿದ ದುಡ್ಡು ವಾಪಸ್. ಒಳ್ಳೇ ಲೆಕ್ಕ, ತಕರಾರಿಲ್ಲ.

ಅದೇ ಏಜೆಂಟ್ ಆಮೇಲೆ ಹೇಳ್ತಾನೆ, "ಹೇಗೂ ಹಾಕಿಸ್ತಿದ್ದೀರಿ, 5 ಕಿಲೋವ್ಯಾಟ್ ಹಾಕಿಸಿಬಿಡಿ, ಕಂಪನಿಯಿಂದ ನಿಮಗೇ ದುಡ್ಡು ಬರುತ್ತೆ." ಇಲ್ಲಿ ಪೆನ್ಸಿಲ್ ಬೇಕು. 5 ಕಿಲೋವ್ಯಾಟ್‌ಗೆ 2,75,000 ಅಂದ್ಕೊಳ್ಳಿ. ಸಬ್ಸಿಡಿ ಅದೇ 78,000. ನಿಮ್ಮ ಕೈಯಿಂದ 1,97,000. ಅಂದರೆ ಕೊನೆಯ ಎರಡು ಕಿಲೋವ್ಯಾಟ್‌ಗೆ 95,000 ಹೆಚ್ಚುವರಿ. ಅವು ವರ್ಷಕ್ಕೆ 2,830 ಯೂನಿಟ್ ಹೆಚ್ಚು ಕೊಡ್ತವೆ. ಅದರಲ್ಲಿ ನಿಮಗೆ ಉಪಯೋಗಕ್ಕೆ ಬರೋದು ಆ 430 ಮಾತ್ರ, ಅಂದರೆ 3,010 ರೂಪಾಯಿ. ಉಳಿದ 2,400 ಎರಡೂಕಾಲಿಗೆ, 5,400 ರೂಪಾಯಿ. ಒಟ್ಟು 8,400. ತೊಂಬತ್ತೈದು ಸಾವಿರ ವಾಪಸ್ ಬರೋಕೆ ಹನ್ನೊಂದು ವರ್ಷಕ್ಕೂ ಮೇಲೆ! ಮೊದಲ ಮೂರು ಕಿಲೋವ್ಯಾಟ್ ನಾಲ್ಕು ವರ್ಷದಲ್ಲಿ ದುಡೀತು, ಕೊನೆಯ ಎರಡು ಹನ್ನೊಂದು ವರ್ಷ ತಗೊಳ್ತು. ಕೊಟೇಶನ್‌ನಲ್ಲಿ ಎರಡನ್ನೂ ಕಲಸಿ "ಆರು ವರ್ಷದಲ್ಲಿ ರಿಟರ್ನ್" ಅಂತ ಬರೆದಿರ್ತಾರೆ. ಸುಳ್ಳಲ್ಲ ಅದು. ಆದರೆ ಆ ಸರಾಸರಿಯ ಹಿಂದೆ ಸೋಮಾರಿ ಕಿಲೋವ್ಯಾಟ್‌ಗಳು ಅಡಗಿ ಕೂತಿರ್ತವೆ.

ಕೆಳಗೂ ನೋಡಿ. 2 ಕಿಲೋವ್ಯಾಟ್ ಹಾಕಿದರೆ ಇದೇ ಮನೆಗೆ ಸಬ್ಸಿಡಿ ಕಳೆದು 65,000 ಆಸುಪಾಸು ಖರ್ಚು, ವರ್ಷಕ್ಕೆ 18,400 ಉಳಿತಾಯ. ಮೂರೂವರೆ ವರ್ಷ. ಮೂರನೇ ಕಿಲೋವ್ಯಾಟ್ ಹೆಚ್ಚುವರಿ 37,000ಕ್ಕೆ ವರ್ಷಕ್ಕೆ 6,600 ಕೊಡುತ್ತೆ, ಅದಕ್ಕೆ ಐದೂವರೆ ವರ್ಷ. ಇದು ಪರವಾಗಿಲ್ಲ. ಹೀಗೆ ಒಂದೊಂದೇ ಕಿಲೋವ್ಯಾಟ್ ಏರಿಸ್ತಾ ಹೋಗಿ, ಎಲ್ಲಿ ಅದು ನಿಮಗಿಂತ ಕಂಪನಿಗೆ ದುಡಿಯೋಕೆ ಶುರು ಮಾಡುತ್ತೋ ಅಲ್ಲಿ ನಿಲ್ಲಿ. ನಿಮ್ಮ ಊರಿನ ಬೆಲೆ, ನಿಮ್ಮ ಬಿಲ್ಲು ಬೇರೆ ಇರುತ್ತೆ. ಅಂಕಿ ಬದಲಾಯಿಸಿಕೊಳ್ಳಿ, ಮಾಡೋ ರೀತಿ ಇದೇ.

ಇದರಲ್ಲೇ ಒಂದು ಸಣ್ಣ ಜಾಣತನ ಇದೆ, ಗೃಹಿಣಿಯರು ಬೇಗ ಹಿಡೀತಾರೆ. ಚಳಿಗಾಲದಲ್ಲಿ ಮಿಕ್ಕೋ ಯೂನಿಟ್‌ನ ನಿಜವಾದ ಬೆಲೆ ನಿಮಗೆ ಎರಡೂಕಾಲು ರೂಪಾಯಿ ಮಾತ್ರ. ಹಾಗಾದರೆ ಡಿಸೆಂಬರ್, ಜನವರಿಯಲ್ಲಿ ಗ್ಯಾಸ್ ಗೀಸರ್ ಬಿಟ್ಟು ಕರೆಂಟ್ ಗೀಸರ್ ಹಾಕಿ, ಅನ್ನ-ಬೇಳೆ ಇಂಡಕ್ಷನ್ ಮೇಲೆ ಮಾಡಿ. ಎಲೆಕ್ಟ್ರಿಕ್ ಸ್ಕೂಟರ್ ಇದ್ದರೆ ಇನ್ನೂ ಒಳ್ಳೇದು, ಅದು ವರ್ಷ ಪೂರ್ತಿ ಕುಡಿಯುತ್ತೆ. ನಮ್ಮೂರ ಕಡೆ ಸೋಲಾರ್ ಅಂದರೆ ಇವತ್ತಿಗೂ ಬಿಸಿನೀರಿನ ಸೋಲಾರೇ ಅಲ್ವಾ? ಇಲ್ಲಿ ಅದು ಅಷ್ಟಾಗಿ ಓಡಲಿಲ್ಲ ಅನ್ನಿಸುತ್ತೆ ನನಗೆ. ಮೇ ತಿಂಗಳಲ್ಲಿ ಟ್ಯಾಂಕಿನ ನೀರೇ ಕೈ ಸುಡುತ್ತೆ, ತಣ್ಣೀರಿಗೆ ಹುಡುಕಬೇಕು.

ಇನ್ನು ಊರು ಊರಿಗೆ ವ್ಯತ್ಯಾಸ.

ಅಹಮದಾಬಾದಿನ ಶತ್ರು ಧೂಳು. ಗಾಂಧಿನಗರದ ಐಐಟಿಯಲ್ಲಿ ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದವರು ಸೇರಿ ಮಾಡಿದ ಅಧ್ಯಯನ 2017ರಲ್ಲಿ ಬಂತು. ಕೆಲವು ವಾರ ಹಾಗೇ ಬಿಟ್ಟ ಪ್ಯಾನೆಲ್‌ಗಳನ್ನ ಒರೆಸಿದಾಗಲೆಲ್ಲ ದಕ್ಷತೆ ಶೇ. 50ರಷ್ಟು ಜಿಗೀತು ಅಂತ ಅದರಲ್ಲಿದೆ. ಏಜೆಂಟ್ ಹೇಳೋ ದಿನಕ್ಕೆ 4 ಯೂನಿಟ್ ಒರೆಸಿದ ಪ್ಯಾನೆಲ್‌ದು. ವಾರಕ್ಕೊಮ್ಮೆ, ಹೆಚ್ಚೆಂದರೆ ಹತ್ತು ದಿನಕ್ಕೊಮ್ಮೆ ನೀರು ಹಾಕಿ ಮೆತ್ತನೆ ವೈಪರ್ ಎಳೀಬೇಕು. ಬೆಳಿಗ್ಗೆ ಬೇಗ ಅಥವಾ ಸಂಜೆ ಮಾಡಿ. ಕಾದ ಗಾಜಿನ ಮೇಲೆ ತಣ್ಣೀರು ಸುರೀಬಾರದು. ಇದನ್ನ ಯಾರು ಮಾಡ್ತಾರೆ? ಅರವತ್ತೈದು ದಾಟಿದ ದಂಪತಿ ಇಬ್ಬರೇ ಇರೋ ಮನೆಯಲ್ಲಿ ಏಣಿ ಹತ್ತೋರು ಯಾರು? ಕೊಟೇಶನ್‌ನಲ್ಲಿ ಈ ಸಾಲು ಇರೋದಿಲ್ಲ. ಯಾರನ್ನಾದರೂ ಗೊತ್ತು ಮಾಡಿದರೆ ಅದರ ದುಡ್ಡನ್ನ ಉಳಿತಾಯದಿಂದ ಕಳೀರಿ.

ಬಿಸಿಲು ಹೆಚ್ಚಾದಷ್ಟೂ ಕರೆಂಟ್ ಹೆಚ್ಚು ಅನ್ನೋದೂ ಪೂರ್ತಿ ಸರಿಯಲ್ಲ. ಪ್ಯಾನೆಲ್‌ಗೆ ಬೇಕಾದ್ದು ಬೆಳಕು, ಬಿಸಿ ಅಲ್ಲ. ಅದರ ಮೇಲೆ ಬರೆದಿರೋ ವ್ಯಾಟ್ 25 ಡಿಗ್ರಿಯಲ್ಲಿ ಅಳೆದದ್ದು. ಅದಕ್ಕಿಂತ ಒಂದೊಂದು ಡಿಗ್ರಿ ಕಾದಂತೆ ಶೇ. 0.3ರಿಂದ 0.4ರಷ್ಟು ಕಡಿಮೆಯಾಗ್ತಾ ಹೋಗುತ್ತೆ. ಮೇ ಮಧ್ಯಾಹ್ನ ಪ್ಯಾನೆಲ್ 65 ಡಿಗ್ರಿಗೆ ಕಾದರೆ ಶೇ. 14ರ ಹತ್ತಿರ ಹೋಯ್ತು. ಹಾಗಾಗಿ ಮಾರ್ಚ್-ಏಪ್ರಿಲ್ ಬಿಲ್ ಮೇ-ಜೂನ್‌ಗಿಂತ ಚೆನ್ನಾಗಿರುತ್ತೆ. ಪ್ಯಾನೆಲ್ ಕೆಟ್ಟಿದೆ ಅಂತ ಜೂನ್‌ನಲ್ಲಿ ಜಗಳಕ್ಕೆ ಹೋಗಬೇಡಿ.

ಅಹಮದಾಬಾದಿನ ಎರಡನೇ ವಿಷಯ ಉತ್ತರಾಯಣ. ಜನವರಿ 14, 15 ಊರಿಗೆ ಊರೇ ತಾರಸಿ ಮೇಲೆ ಇರುತ್ತೆ. ಪ್ಯಾನೆಲ್ ಕೆಳಗೇ ಹಾಸಿಬಿಟ್ಟರೆ ಗಾಳಿಪಟ ಹಾರಿಸೋಕೆ ಜಾಗ ಇಲ್ಲ, ಹಪ್ಪಳ ಒಣಗಿಸೋಕೆ ಇಲ್ಲ, ಬೇಸಿಗೆ ರಾತ್ರಿ ಮಲಗೋಕೂ ಇಲ್ಲ. ಕಿಲೋವ್ಯಾಟ್‌ಗೆ ಸುಮಾರು 100 ಚದರಡಿ ನೆರಳಿಲ್ಲದ ಜಾಗ ಬೇಕು ಅನ್ನೋದು ನೆನಪಿರಲಿ. ಅದಕ್ಕೇ ಇಲ್ಲಿ ಏಳೆಂಟು ಅಡಿ ಎತ್ತರದ ಕಬ್ಬಿಣದ ಚೌಕಟ್ಟು ಕಟ್ಟಿ ಮೇಲೆ ಪ್ಯಾನೆಲ್ ಕೂರಿಸ್ತಾರೆ. ಕೆಳಗೆ ನೆರಳಾಗುತ್ತೆ, ಮೇಲಿನ ಕೋಣೆಯ ಕಾವೂ ಸ್ವಲ್ಪ ಇಳಿಯುತ್ತೆ. ಆದರೆ ಖರ್ಚು ಹೆಚ್ಚು, ಗಾಳಿಯ ಹೊಡೆತವೂ ಹೆಚ್ಚು. 2021ರ ತೌಕ್ತೆ ಚಂಡಮಾರುತ ನೆನಪಿದೆಯಲ್ಲ? ಚೌಕಟ್ಟಿನ ಕಾಲುಗಳನ್ನ ಹೇಗೆ ಹಿಡಿಸ್ತೀರಿ ಅಂತ ಕೇಳಿ. ಇಲ್ಲಿಯ ತಾರಸಿಗಳ ಮೇಲೆ ಬಿಳಿ ಟೈಲ್ಸ್ ಚೂರು ಹಾಸಿದ ಚೈನಾ ಮೊಸಾಯಿಕ್ ಇರುತ್ತೆ. ನೀರು ಇಳಿಯದಂತೆ ಕಾಪಾಡೋದೇ ಅದು. ಅದನ್ನ ಕೊರೆದು ಬೋಲ್ಟ್ ಹೊಡೆದರೆ ಮೊದಲ ಮಳೆಗೇ ಕೆಳಗಿನ ಕೋಣೆ ಸೋರಬಹುದು. ಕೊರೆಯದೆ, ಮೇಲೆ ಕಾಂಕ್ರೀಟ್ ಪೀಠ ಹಾಕಿ ಕೂರಿಸೋಕೆ ಹೇಳಿ, ಅದನ್ನ ಬರವಣಿಗೆಯಲ್ಲಿ ತಗೊಳ್ಳಿ. ನೀರಿನ ಟ್ಯಾಂಕಿನ ನೆರಳು ಒಂದೇ ಪ್ಯಾನೆಲ್ ಮೇಲೆ ಬಿದ್ದರೂ ಸಾಲಿನ ಉಳಿದವೂ ಕುಂಟುತ್ತವೆ, ಅದನ್ನೂ ನೋಡಿ. ಹಳೇ ಶಹರದ ಪೋಳ್‌ಗಳಲ್ಲಿ ಇರೋರಿಗೆ ನಾನು ಸಾಮಾನ್ಯವಾಗಿ ಬೇಡ ಅಂತಲೇ ಹೇಳ್ತೀನಿ. ಒತ್ತೊತ್ತು ಮನೆ, ಸುತ್ತ ನೆರಳು.

ವಡೋದರಾದವರಿಗೆ ಒಂದೇ ಮಾತು, ಇನ್ವರ್ಟರ್ ಎಲ್ಲಿಡ್ತೀರಿ? 2024ರ ಆಗಸ್ಟ್‌ನಲ್ಲಿ ವಿಶ್ವಾಮಿತ್ರಿ ಊರೊಳಗೆ ಬಂದಾಗ ಏನಾಯ್ತು ಅಂತ ಹೇಳಬೇಕಾಗಿಲ್ಲ. ಪ್ಯಾನೆಲ್ ಮೇಲೆ ಕ್ಷೇಮವಾಗಿರುತ್ತೆ, ಮೆಟ್ಟಿಲ ಕೆಳಗಿಟ್ಟ ಇನ್ವರ್ಟರ್ ಮುಳುಗುತ್ತೆ. ಮಹಡಿ ಮೇಲೆ, ಮಳೆ-ಬಿಸಿಲು ಬೀಳದ ಗೋಡೆಗೆ ಹಾಕಿಸಿ. ಪ್ಯಾನೆಲ್‌ಗೆ 25 ವರ್ಷದ ಗ್ಯಾರಂಟಿ ಕೊಡ್ತಾರೆ, ಇನ್ವರ್ಟರ್‌ಗೆ ಸಾಮಾನ್ಯವಾಗಿ 5ರಿಂದ 10 ವರ್ಷ. ಹತ್ತು ಹನ್ನೆರಡು ವರ್ಷಕ್ಕೊಂದು ಹೊಸ ಇನ್ವರ್ಟರ್ ಅಂತ ಲೆಕ್ಕದಲ್ಲಿ ಮೊದಲೇ ಬರೆದುಕೊಳ್ಳಿ.

ಸೂರತ್‌ನಲ್ಲಿ ಮಳೆ ಹೆಚ್ಚು, ಸಮುದ್ರ ಹತ್ತಿರ. ಚೌಕಟ್ಟಿಗೆ ಬರೀ ಬಣ್ಣ ಬಳಿದ ಕಬ್ಬಿಣ ಬೇಡ, ಸತು ಲೇಪಿಸಿದ್ದೇ ಬೇಕು. ಜುಲೈ-ಆಗಸ್ಟ್ ಅಂಕಿಯನ್ನ ನಾನು ಹೇಳಿದ್ದಕ್ಕಿಂತ ಸ್ವಲ್ಪ ಇಳಿಸಿಕೊಳ್ಳಿ. ನಮ್ಮ ಕನ್ನಡದವರು ಅಲ್ಲಿ ಹೆಚ್ಚಾಗಿ ಫ್ಲ್ಯಾಟ್‌ಗಳಲ್ಲಿದ್ದಾರೆ. ಫ್ಲ್ಯಾಟ್‌ನವರ ತಾರಸಿ ಸೊಸೈಟಿಯದು, ನಿಮ್ಮೊಬ್ಬರದಲ್ಲ. ಆದರೆ ಲಿಫ್ಟು, ನೀರಿನ ಪಂಪು, ಮೆಟ್ಟಿಲ ದೀಪದ ಬಿಲ್ಲಿಗೆ ಸೊಸೈಟಿಯೇ ಸೋಲಾರ್ ಹಾಕಿಸಬಹುದು. ಅದಕ್ಕೆ ಕಿಲೋವ್ಯಾಟ್‌ಗೆ 18,000 ಸಬ್ಸಿಡಿ ಇದೆ. ಆ ಬಿಲ್ಲಿಗೆ ಚಳಿಗಾಲ-ಬೇಸಿಗೆ ಅಂತ ದೊಡ್ಡ ಏರಿಳಿತ ಇಲ್ಲ. ಲಿಫ್ಟು ವರ್ಷವಿಡೀ ಒಂದೇ ಥರ ಓಡುತ್ತೆ. ಹಾಗಾಗಿ ಲೆಕ್ಕ ಮನೆಗಿಂತಲೂ ಚೆನ್ನಾಗಿ ಕೂರುತ್ತೆ. ಮೀಟಿಂಗ್‌ನಲ್ಲಿ ಎಲ್ಲರನ್ನೂ ಒಪ್ಪಿಸೋದು ಮಾತ್ರ ಬೇರೆ ವಿದ್ಯೆ.

ಕರೆಂಟ್ ಹೋದಾಗ ಸೋಲಾರ್ ಇದ್ದರೆ ಮನೆ ಬೆಳಗುತ್ತೆ ಅಂದ್ಕೊಂಡಿರೋರು ತುಂಬಾ ಜನ. ಇಲ್ಲ. ಬ್ಯಾಟರಿ ಇಲ್ಲದ ಈ ವ್ಯವಸ್ಥೆಯಲ್ಲಿ ಲೈನ್ ಹೋದ ಕೂಡಲೇ ಇನ್ವರ್ಟರ್ ತಾನೇ ನಿಂತುಬಿಡುತ್ತೆ. ಕಂಬದ ಮೇಲೆ ಕೆಲಸ ಮಾಡೋ ಲೈನ್‌ಮನ್‌ಗೆ ನಿಮ್ಮ ಮನೆಯಿಂದ ಶಾಕ್ ಹೊಡೀಬಾರದಲ್ಲ, ಅದಕ್ಕೆ. ಈ ಮೂರು ಊರಿನಲ್ಲಿ ಕರೆಂಟ್ ಹೋಗೋದೇ ಕಡಿಮೆ, ಆ ಕಾರಣಕ್ಕೆ ಅಂತ ಬ್ಯಾಟರಿಗೆ ದುಡ್ಡು ಹಾಕೋದನ್ನ ನಾನು ಒಪ್ಪಲ್ಲ.

ಈಗ ಬ್ಯಾಂಕಿಗೆ. "ಆ ಲಕ್ಷ ರೂಪಾಯಿ ಎಫ್‌ಡಿಯಲ್ಲಿಟ್ಟರೆ?" ಅಂತ ಕೇಳ್ತಾರೆ, ಕೇಳಬೇಕಾದ ಪ್ರಶ್ನೆಯೇ. ಶೇ. 7 ಬಡ್ಡಿ ಸಿಕ್ಕರೆ ವರ್ಷಕ್ಕೆ 7,000, ಅದಕ್ಕೆ ತೆರಿಗೆ ಬೇರೆ. ಸೋಲಾರ್ 25,000 ಉಳಿಸುತ್ತೆ, ಉಳಿಸಿದ ದುಡ್ಡಿಗೆ ತೆರಿಗೆ ಇಲ್ಲ. ಆದರೆ ಎಫ್‌ಡಿಯಲ್ಲಿ ಅಸಲು ಕೈಗೆ ವಾಪಸ್ ಬರುತ್ತೆ, ಸೋಲಾರಿನ ಅಸಲು ಗಾಜು-ಕಬ್ಬಿಣವಾಗಿ ತಾರಸಿ ಮೇಲೆ ಕೂತಿರುತ್ತೆ. ಮೂರೇ ವರ್ಷಕ್ಕೆ ಮನೆ ಬಿಟ್ಟರೆ 75,000 ಮಾತ್ರ ಬಂದಿರುತ್ತೆ, ಎಫ್‌ಡಿಯೇ ಮೇಲು. ಹತ್ತು ವರ್ಷ ಇದ್ದರೆ ಸೋಲಾರ್ ಮುಂದೆ. ಸಾಲ ಮಾಡಿ ಹಾಕಿಸೋರಿಗೆ ಈ ಯೋಜನೆಯಲ್ಲಿ ಶೇ. 6-7ರ ಆಸುಪಾಸಿನಲ್ಲಿ, ಅಡಮಾನ ಇಲ್ಲದೆ ಸಾಲ ಸಿಗುತ್ತೆ. ಒಂದು ಲಕ್ಷಕ್ಕೆ ಐದು ವರ್ಷದ ಕಂತು ತಿಂಗಳಿಗೆ 2,000ದ ಹತ್ತಿರ. ಉಳಿತಾಯವೂ ಅಷ್ಟೇ. ಸರಿಸಮ ಹೋಗುತ್ತೆ, ಐದು ವರ್ಷದ ಮೇಲಿನದ್ದು ನಿಮ್ಮದು.

ಹಾಗಾಗಿ ಬಿಲ್ ನೋಡಿದ ಮೇಲೆ ನಾನು ಕೇಳೋ ಎರಡನೇ ಪ್ರಶ್ನೆ ಜನಕ್ಕೆ ಸ್ವಲ್ಪ ಮುಜುಗರ ಮಾಡುತ್ತೆ. "ಇಲ್ಲಿ ಇನ್ನೆಷ್ಟು ವರ್ಷ ಇರ್ತೀರಿ?" ನಾವು ಹೊರನಾಡಿನವರು ಇದಕ್ಕೆ ಉತ್ತರ ಕೊಡೋದನ್ನ ಮುಂದೂಡ್ತಾನೇ ಇರ್ತೀವಿ. ಬ್ಯಾಂಕಿನವರಿಗೆ ವರ್ಗಾವಣೆ, ಕಂಪನಿಯವರಿಗೆ ನಿವೃತ್ತಿ, "ಇನ್ನೆರಡು ವರ್ಷಕ್ಕೆ ಊರಿಗೆ ಹೋಗಿಬಿಡ್ತೀವಿ" ಅಂತ ಹದಿನೈದು ವರ್ಷದಿಂದ ಹೇಳ್ತಿರೋರೂ ಇದ್ದಾರೆ.

ಮಾಂಜಲ್ಪುರದಲ್ಲಿ ನಮಗೆ ಬೇಕಾದ ಒಬ್ಬ ಕಾಕಾ, ಕಾಕು ಇದ್ದಾರೆ, ಧಾರವಾಡ ಕಡೆಯವರು. ಕಾಕಾ ನಿವೃತ್ತರಾಗಿ ಎಂಟು ವರ್ಷ. ಮಗ ಬೆಂಗಳೂರಿನಲ್ಲಿ, ಮನೆ ಮಾರಿ ಬನ್ನಿ ಅಂತಿದ್ದಾನೆ. ಹೋದ ವರ್ಷ ಬಿಲ್ ಹಿಡಕೊಂಡು ನನ್ನ ಹತ್ತಿರ ಬಂದರು. ಚಳಿಗಾಲದ ಬಿಲ್ ತೀರ ಚಿಕ್ಕದು. ಮೇ-ಜೂನ್ ಬಿಲ್ ಕೂಡ ಚಿಕ್ಕದೇ ಇತ್ತು. ಅದು ನನಗೆ ವಿಚಿತ್ರ ಅನ್ನಿಸ್ತು. "ಏಸಿ ಇಲ್ವಾ ಕಾಕಾ?" ಅಂದೆ. ಕಾಕು ಹೇಳಿದರು: "ಐತಪ್ಪಾ. ಮೊಮ್ಮಕ್ಕಳು ಬಂದಾಗ ಹಾಕ್ತೀವಿ. ಇಬ್ಬರ ಸಲುವಾಗಿ ಯಾಕ ಅಂತ ಇವರು ಹಾಕಗೊಡೂದಿಲ್ಲ."

44 ಡಿಗ್ರಿಯಲ್ಲಿ ಇಬ್ಬರು ಹಿರಿಯರು ಫ್ಯಾನಿನ ಕೆಳಗೆ ಒದ್ದೆ ಟವೆಲ್ ಹಾಕಿಕೊಂಡು ಕೂತಿದ್ದಾರೆ, ಬಿಲ್ಲಿಗೆ ಹೆದರಿ. 2010ರ ಮೇ ತಿಂಗಳಿನ ಬಿಸಿಗಾಳಿಯಲ್ಲಿ ಅಹಮದಾಬಾದ್ ಒಂದರಲ್ಲೇ ಮಾಮೂಲಿಗಿಂತ ಸಾವಿರಕ್ಕೂ ಹೆಚ್ಚು ಜನ ಸತ್ತರು. ಆಮೇಲೇ 2013ರಲ್ಲಿ ಅಲ್ಲಿಯ ಪಾಲಿಕೆ ಬಿಸಿಗಾಳಿಗೆ ಅಂತಲೇ ಕಾರ್ಯಯೋಜನೆ ಮಾಡಿದ್ದು. ಕಾಕಾ ಅವರ ಹಳೇ ಬಿಲ್ ಮೇಲೆ ಲೆಕ್ಕ ಹಾಕಿದರೆ ಸೋಲಾರ್ ಲಾಭವೇ ಇಲ್ಲ, ಎಂಟು-ಒಂಬತ್ತು ವರ್ಷ ಬೇಕು. ಲೆಕ್ಕದ ಪ್ರಕಾರ ಬೇಡ ಅನ್ನಬೇಕು. ಆದರೆ ಆ ಬಿಲ್ ಅವರಿಗೆ ಬೇಕಾದ ಕರೆಂಟಿನ ಬಿಲ್ ಆಗಿರಲಿಲ್ಲ, ಅವರು ತಡಕೊಂಡ ಕರೆಂಟಿನ ಬಿಲ್. ನಾನು ಮಧ್ಯಾಹ್ನ ನಾಲ್ಕು ತಾಸು, ರಾತ್ರಿ ಆರು ತಾಸು ಏಸಿ ಸೇರಿಸಿ ಇನ್ನೊಂದು ಸಲ ಲೆಕ್ಕ ಹಾಕಿದೆ. 2 ಕಿಲೋವ್ಯಾಟ್ ಸಾಕು ಅಂತ ಬಂತು. ಕಾಕಾ ಕೇಳಿದ್ದು, "ಇನ್ನ ಎಷ್ಟ ವರ್ಷ ಇಲ್ಲಿ ಇರ್ತೀವೋ ಏನೋ, ಹಾಕಸೂದ ಬ್ಯಾಡೇನೋ." ಕಾಕು ಒಳಗಿಂದಲೇ, "ಇರೂಷ್ಟ ದಿನ ತಣ್ಣಗ ಇರೂಣಂತ್ರಿ" ಅಂದರು.

ಫೆಬ್ರವರಿಯಲ್ಲಿ ಪ್ಯಾನೆಲ್ ಬಂತು. ಮೇ-ಜೂನ್ ಬಿಲ್‌ನಲ್ಲಿ ಅವರ ಬಳಕೆ ಹಿಂದಿನ ವರ್ಷದ ಎರಡರಷ್ಟಾಗಿತ್ತು, ಕಟ್ಟಿದ ದುಡ್ಡು ಮಾತ್ರ ಅದಕ್ಕಿಂತ ಕಡಿಮೆ. ಮಧ್ಯಾಹ್ನ ಹೋದರೆ ಈಗ ಬಾಗಿಲು ಹಾಕಿರುತ್ತೆ, ಬೆಲ್ ಒತ್ತಬೇಕು.

ಮನೆ ಮಾರೋದಾದರೆ ಪ್ಯಾನೆಲ್ ಏನು ಮಾಡೋದು ಅಂತ ಅವರ ಮಗ ಫೋನ್ ಮಾಡಿ ಕೇಳಿದ. ಬಿಚ್ಚಿ ಬೆಂಗಳೂರಿಗೆ ಒಯ್ಯೋದು ಗಿಟ್ಟೋದಿಲ್ಲ. ನೆಟ್ ಮೀಟರ್ ಒಪ್ಪಂದ ಆ ಮನೆಯ ಕನೆಕ್ಷನ್‌ಗೆ ಅಂಟಿಕೊಂಡಿದ್ದು, ಕೊಳ್ಳೋರ ಹೆಸರಿಗೆ ಕನೆಕ್ಷನ್ ಬದಲಾಯಿಸುವಾಗ ಅದನ್ನೂ ಬದಲಾಯಿಸಿ ಕೊಡಬೇಕು. ಮನೆ ಬೆಲೆ ಮಾತಾಡುವಾಗ ಹೋದ ಒಂದು ವರ್ಷದ ಬಿಲ್ಲುಗಳನ್ನ ಮೇಜಿನ ಮೇಲಿಡಿ ಅಂತ ಅವನಿಗೆ ಹೇಳಿದೆ. ನಿಮಗೂ ಅಷ್ಟೇ ಹೇಳೋದು, ಬಿಲ್ಲುಗಳನ್ನ ಎಸೀಬೇಡಿ, ಒಂದು ಫೈಲ್ ಮಾಡಿ ಇಟ್ಟುಕೊಳ್ಳಿ.